ಸುಧಾಕರರ ಗೊಬ್ಬು, ಬಸವರಾಜನ ಗೊಬ್ಬರ

ಮಣಿಪಾಲದ ಒಂದು ಕಾಲೇಜಿನಲ್ಲಿ ವಿಡಿಯೋ ಗೇಮ್ ಮಾಡುವುದನ್ನು ಕಲಿಸುವ ವಿಭಾಗ ತೆರೆದಿದ್ದಾರೆ. ಕಳೆದ ತಿಂಗಳು ನನ್ನನ್ನು ಅಲ್ಲಿಗೆ ಮಾತನಾಡಲು ಕರೆದಿದ್ದರು. ನಿವೃತ್ತಳಾಗಿ ಇನ್ನಂಜೆಯ ಮನೆಯಲ್ಲಿ ಮಲ್ಲಿಗೆ ಗಿಡಕ್ಕೆ ನೀರು ಹಾಕಿಕೊಂಡಿರುವವಳನ್ನು ಇನ್ನೂ ಯಾರೋ ನೆನಪಿಟ್ಟುಕೊಂಡಿದ್ದಾರಲ್ಲ ಎಂದು ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ. ನನಗಿಂತ ಮೊದಲು ಮಾತನಾಡಿದ್ದು ರೋಷನ್. ನಾವಿಬ್ಬರೂ ಒಂದೇ ಕಂಪನಿಯಲ್ಲಿದ್ದವರು. ನಾನು ಆಟ ಮಾಡುವವಳು, ಅವನು ಅದನ್ನು ಮಾರುವವನು. ನಮ್ಮ ಹಳೆಯ ಬೇಸಾಯದ ಆಟದ ಚಿತ್ರವನ್ನು ಪರದೆಯ ಮೇಲೆ ತೋರಿಸಿ, ಗದ್ದೆಯಲ್ಲಿ ನಿಂತ ಎಮ್ಮೆಯನ್ನೂ ಅದರ ಹಿಂದೆ ಬಿದ್ದ ಸಗಣಿಯನ್ನೂ ಬೊಟ್ಟು ಮಾಡಿ, "ಇದು ಕರಾವಳಿಯ ಸಾಂಪ್ರದಾಯಿಕ ಕೃಷಿಯ ಆಳವಾದ ಅಧ್ಯಯನದಿಂದ ಬಂದದ್ದು" ಎಂದ. ಮಕ್ಕಳು ತಲೆ ಬಗ್ಗಿಸಿ ಬರೆದುಕೊಂಡರು. ಕುಡಿಯುತ್ತಿದ್ದ ಚಹಾ ನನ್ನ ನೆತ್ತಿಗೆ ಹತ್ತಿತು.

ಅಧ್ಯಯನವೂ ಇಲ್ಲ, ಮಣ್ಣೂ ಇಲ್ಲ. ಆ ಸಗಣಿ ಹೇಗೆ ಬಂತೆಂದು ಸರಿಯಾಗಿ ಬಲ್ಲವರು ಕೆಲವೇ ಜನ, ಅವರಲ್ಲಿ ಒಬ್ಬ ಅಂದು ಮೈಕು ಹಿಡಿದು ಸುಳ್ಳು ಹೇಳುತ್ತಿದ್ದ. ಕರೆದವರ ಮನೆಯಲ್ಲಿ ಜಗಳ ಬೇಡವೆಂದು ನನ್ನ ಸರದಿ ಬಂದಾಗ ನಾಲ್ಕು ಒಳ್ಳೆಯ ಮಾತು ಹೇಳಿ ಬಂದೆ. ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಓದಿ. ನನ್ನ ಬಡ್ತಿಗಳ ಕಥೆ ಇದರಲ್ಲಿಲ್ಲ. ನನಗೆ ಸಿಕ್ಕಿದ ದೊಡ್ಡ ಬಡ್ತಿ ಎಂದರೆ ಕಿಟಕಿಯ ಪಕ್ಕದ ಮೇಜು, ಮಳೆಗಾಲದಲ್ಲಿ ಅದರ ಮೇಲೂ ಸೋರುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಾಪುವಿನ ಒಂದು ಟ್ಯುಟೋರಿಯಲ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಆಗ ಕಾರ್ಕಳದ ಸುಧಾಕರರು ದುಬೈಯಿಂದ ಬಂದು, ಮಣಿಪಾಲದಲ್ಲಿ ಒಂದು ಮೆಡಿಕಲ್ ಅಂಗಡಿಯ ಮಹಡಿಯ ಮೇಲೆ ಮಕ್ಕಳ ಕಲಿಕೆಯ ಸಿ.ಡಿ. ಮಾಡುವ ಕಂಪನಿ ತೆರೆದರು. ಅವರಿಗೆ ಕಂಪ್ಯೂಟರೂ ಗೊತ್ತಿರಲಿಲ್ಲ, ಮಕ್ಕಳೂ ಗೊತ್ತಿರಲಿಲ್ಲ. ಆದರೆ ಎರಡರಲ್ಲೂ ಭವಿಷ್ಯ ಉಂಟು ಎಂದು ವಿಮಾನದಲ್ಲಿ ಪಕ್ಕದಲ್ಲಿ ಕುಳಿತವರು ಯಾರೋ ಹೇಳಿದ್ದರಂತೆ. "ವಾರಿಜಕ್ಕ, ನಿಮಗೆ ಮಕ್ಕಳನ್ನು ಒಂದು ಕಡೆ ಕೂರಿಸಲಿಕ್ಕೆ ಗೊತ್ತುಂಟು. ಕಂಪ್ಯೂಟರ್ ನಾವು ಕಲಿಸ್ತೇವೆ" ಎಂದು ನನ್ನನ್ನು ಕರೆದುಕೊಂಡರು. ಕಲಿಸಲು ಅಲ್ಲಿ ಯಾರೂ ಇರಲಿಲ್ಲ. ನಾನೇ ಗುಂಡಿ ಒತ್ತಿ ಒತ್ತಿ ಕಲಿತೆ.

ನಮ್ಮ ಮೊದಲ ಸಿ.ಡಿ. ಲೆಕ್ಕದ್ದು. ಸರಿ ಉತ್ತರ ಕೊಟ್ಟರೆ ಗಿಳಿ ಬಂದು ಚಪ್ಪಾಳೆ ತಟ್ಟುತ್ತಿತ್ತು. ತಪ್ಪು ಉತ್ತರ ಕೊಟ್ಟರೆ ಕತ್ತೆ ಬಂದು ಅರಚಿ, ಕಾಲು ಜಾರಿ ಕೆಸರಿಗೆ ಬೀಳುತ್ತಿತ್ತು. ಅದನ್ನು ಉಡುಪಿಯ ಒಂದು ಶಾಲೆಗೆ ಕೊಂಡುಹೋಗಿ ಮಕ್ಕಳ ಮುಂದಿಟ್ಟೆವು. ಎರಡಕ್ಕೆ ಎರಡು ಕೂಡಿಸಿದರೆ ಏಳು ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು. ಮೂರಕ್ಕೆ ಒಂದು ಕೂಡಿಸಿದರೂ ಏಳು. ಕತ್ತೆ ಬಿದ್ದ ಹಾಗೆಲ್ಲ ಮಕ್ಕಳು ಬೆಂಚಿನ ಮೇಲೆ ಹತ್ತಿ ಕುಣಿದರು. ಸುಧಾಕರರು ಹೊರಗೆ ಬಂದವರೇ, "ಈ ಶಾಲೆಯ ಮಕ್ಕಳಿಗೆ ಬುದ್ಧಿ ಸ್ವಲ್ಪ ಕಡಿಮೆ ಅಲ್ವಾ ವಾರಿಜಕ್ಕ" ಎಂದರು. ಮಕ್ಕಳಿಗೆ ಬುದ್ಧಿ ಬೇಕಾದಷ್ಟಿತ್ತು. ಯಾವ ಗುಂಡಿ ಒತ್ತಿದರೆ ಹೆಚ್ಚು ಮಜಾ ಸಿಗುತ್ತದೆಂದು ಅವರು ಕ್ಷಣದಲ್ಲಿ ಕಂಡುಹಿಡಿದಿದ್ದರು. ನಾವು ಗಿಳಿಗೆ ಮೈಗಳ್ಳತನ ಮಾಡಿ ಕತ್ತೆಗೆ ಮನಸ್ಸಿಟ್ಟು ದುಡಿದಿದ್ದೆವು, ಅಷ್ಟೇ. ಗಿಳಿಯನ್ನು ಚೆನ್ನಾಗಿ ಮಾಡೋಣ ಎಂದು ನಾನು ಹೇಳಿದೆ. ಸುಧಾಕರರು ಕತ್ತೆಯನ್ನು ತೆಗೆಸಿಬಿಟ್ಟರು. ಆ ಸಿ.ಡಿ. ಎಷ್ಟೋ ವರ್ಷ ನಮ್ಮ ಕಚೇರಿಯಲ್ಲಿ ಚಹಾ ಲೋಟದ ಅಡಿಗೆ ಇಡಲು ಉಪಯೋಗವಾಯಿತು.

ಎರಡು ಸಾವಿರದ ನಂತರ ಕಲಿಕೆಯ ಸಿ.ಡಿ.ಗಳನ್ನು ಕೇಳುವವರಿಲ್ಲದೆ ನಾವು ಹೊರದೇಶದವರಿಗೆ ಆಟ ಮಾಡಿಕೊಡತೊಡಗಿದೆವು. ಕೆಲವು ವರ್ಷಗಳ ಮೇಲೆ ಒಬ್ಬ ಗಿರಾಕಿ ಬೇಸಾಯದ ಆಟ ಬೇಕೆಂದ. ಆಟಗಾರನಿಗೆ ಒಂದು ತುಂಡು ಭೂಮಿ ಕೊಡುವುದು, ಅವನು ಬಿತ್ತಿ, ನೀರು ಹಾಕಿ, ಬೆಳೆದು, ಮಾರಿ, ಹೊಸ ಬೀಜ ಕೊಳ್ಳುವುದು. ಸುಧಾಕರರ ಎದೆ ಉಬ್ಬಿತು. "ನಾವು ಬೇಸಾಯಗಾರರ ಮಕ್ಕಳು. ಇದನ್ನು ನಮಗೆ ಯಾರೂ ಕಲಿಸುವ ಅಗತ್ಯ ಇಲ್ಲ" ಎಂದರು. ಅವರು ಗದ್ದೆಗೆ ಇಳಿದದ್ದನ್ನು ಅವರ ತಾಯಿಯೂ ನೋಡಿರಲಾರರು. ನಾನಾದರೆ ಇಳಿದವಳು. ಇನ್ನಂಜೆಯ ನಮ್ಮ ಗದ್ದೆಯಲ್ಲಿ ಮದುವೆಯಾಗುವ ತನಕ ನೇಜಿ, ಎಂದರೆ ಭತ್ತದ ಸಸಿ, ನೆಟ್ಟವಳು. ಬಗ್ಗಿದ ಸೊಂಟ ಎತ್ತಲಾಗದೆ ಅತ್ತದ್ದು, ಹಿಮ್ಮಡಿಗೆ ಕಚ್ಚಿದ ಜಿಗಣೆಯನ್ನು ಉಪ್ಪು ಹಾಕಿ ಬಿಡಿಸಿದ್ದು ನನಗೆ ನೆನಪಿದೆ. ಗಣಿತ ಕಲಿತದ್ದೇ ಆ ಗದ್ದೆಯಿಂದ ತಪ್ಪಿಸಿಕೊಳ್ಳಲು.

ಸುಧಾಕರರಿಗೆ ಆಟದಲ್ಲಿ ಎಲ್ಲವೂ ನಿಜದ ಹಾಗೆ ಇರಬೇಕಿತ್ತು. ಕಾಡುಹಂದಿ ಬರಬೇಕು, ನವಿಲು ಬರಬೇಕು, ತೆನೆಯ ಹಾಲು ಹೀರುವ ಕೀಟ ಬರಬೇಕು, ಕೊಯ್ಲಿನ ಹೊತ್ತಿಗೆ ಮಳೆ ಹೊಡೆಯಬೇಕು. ಹೇಳಿದಂತೆ ಮಾಡಿದೆವು. ಹಾಸ್ಟೆಲಿನ ವಿದ್ಯಾರ್ಥಿಗಳನ್ನು ಕರೆದು ಆಡಿಸಿದೆವು. ಒಬ್ಬಳ ಭತ್ತವನ್ನು ಹಂದಿ ತಿಂದಿತು, ಮತ್ತೆ ಬಿತ್ತಿದಳು. ಮಳೆ ಕೊಳೆಯಿಸಿತು, ಮತ್ತೆ ಬಿತ್ತಿದಳು. ಮೂರನೆಯ ಬಾರಿ ಕೀಟ ಬಂದಾಗ ಎದ್ದು ನಿಂತು, "ಆಂಟಿ, ಇದಕ್ಕಿಂತ ಪರೀಕ್ಷೆಗೆ ಓದುವುದು ಸುಖ" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೋದಳು. ಇಂದಿನ ಕಾಲದವರಿಗೆ ತಾಳ್ಮೆ ಇಲ್ಲ ಎಂದು ಸುಧಾಕರರು ಅವಳ ಮೇಲೆಯೇ ತಪ್ಪು ಹೊರಿಸಿದರು.

ಬೇಸಾಯದ ಆಟ ಜನರಿಗೆ ಯಾಕೆ ಹಿಡಿಸುತ್ತದೆ ಎಂದು ಕೇಳಿದರೆ ದೊಡ್ಡವರು ಈಗಲೂ ಒಂದೇ ಪಲ್ಲವಿ ಹಾಡುತ್ತಾರೆ. ಮನುಷ್ಯನ ರಕ್ತದಲ್ಲಿ ಮಣ್ಣಿನ ಸೆಳೆತ ಇದೆಯಂತೆ. ಇದೆಲ್ಲ ಬೊಗಳೆ. ಸೆಳೆತ ಇದ್ದವರು ಗದ್ದೆಗೆ ಹೋಗುತ್ತಿದ್ದರು, ಮೌಸ್ ಹಿಡಿದು ಕೂರುತ್ತಿರಲಿಲ್ಲ. ಆ ಆಟದಲ್ಲಿ ಜನ ಹುಡುಕುವುದು ಗದ್ದೆ ಕೊಡದೆ ಹೋದದ್ದನ್ನು. ಹಾಕಿದ ಬೀಜ ಮೊಳೆಯಬೇಕು. ಮಾಡಿದ ಕೆಲಸಕ್ಕೆ ಸರಿಯಾದ ಫಲ ಬರಬೇಕು, ಅದೂ ಕಣ್ಣೆದುರಿಗೆ. ಇಷ್ಟನ್ನು ಖಾತ್ರಿ ಮಾಡಿಕೊಟ್ಟ ಮೇಲೆ ಆಟಗಾರನಿಗೆ ಕಷ್ಟ ಕೊಡಬಹುದು, ಆದರೆ ಆ ಕಷ್ಟ ಅವನೇ ಆರಿಸಿಕೊಂಡದ್ದಾಗಿರಬೇಕು. ಇರುವ ಒಂದು ಕೊಡ ನೀರನ್ನು ಬೆಂಡೆಗೆ ಹಾಕಲೋ ಭತ್ತಕ್ಕೆ ಹಾಕಲೋ ಎಂದು ತಲೆ ಕೆರೆದುಕೊಳ್ಳುವುದರಲ್ಲಿ ಮಜಾ ಇದೆ. ಹಂದಿ ಬಂದು ಎಲ್ಲವನ್ನೂ ತಿಂದುಹೋಗುವುದರಲ್ಲಿ ಏನು ಮಜಾ?

ಹಾಗಾಗಿ ನಾನು ಹಂದಿ, ಕೀಟಗಳನ್ನು ಆಟದಿಂದ ಓಡಿಸಿ, ಬೆಳೆಗಳ ಅವಧಿಯನ್ನು ಒಂದರ ಮೇಲೊಂದು ಬರುವಂತೆ ಹೆಣೆದೆ. ಹರಿವೆ ಸೊಪ್ಪು ಬೇಗ ಬರುತ್ತದೆ, ಅದನ್ನು ಕೀಳುವಷ್ಟರಲ್ಲಿ ಬೆಂಡೆ ಅರ್ಧ ಬಲಿತಿರುತ್ತದೆ, ಬೆಂಡೆ ಕೊಯ್ಯುವಾಗ ಭತ್ತದ ತೆನೆ ಇಣುಕುತ್ತಿರುತ್ತದೆ. ಏಳೋಣ ಎಂದು ಮೌಸ್ ಬಿಟ್ಟವನಿಗೆ ಯಾವುದಾದರೂ ಒಂದು ಬೆಳೆ ಇನ್ನೇನು ಬಂದೇಬಿಟ್ಟಿತು ಎನ್ನುವ ಸ್ಥಿತಿಯಲ್ಲಿ ಕಾಣಿಸುತ್ತದೆ. ಇದೊಂದನ್ನು ಮಾತ್ರ ಕೊಯ್ದು ಏಳುತ್ತೇನೆ ಎಂದುಕೊಳ್ಳುತ್ತಾನೆ. ಎಷ್ಟೋ ಮನೆಗಳಲ್ಲಿ ಒಲೆಯ ಮೇಲಿನ ಸಾರು ತಳ ಹಿಡಿಯಲು ನಾನು ಕಾರಣಳಾಗಿರಬೇಕು.

ಇನ್ನೊಂದು ಕೆಲಸ ಸದ್ದಿನದು. ಗಿಡ ಕಿತ್ತಾಗ ನಮ್ಮ ಆಟದಲ್ಲಿ ಟೆಲಿಫೋನ್ ಇಟ್ಟ ಹಾಗೆ ಒಂದು ಟಕ್ ಸದ್ದಿತ್ತು. ಅದು ಬೆರಳಿಗೆ ಉತ್ತರ ಕೊಡುತ್ತಿರಲಿಲ್ಲ. ನಾನು ಟೇಪ್ ರೆಕಾರ್ಡರ್ ಹಿಡಿದು ನಮ್ಮ ಗದ್ದೆಯ ಹುಣಿಯ ಮೇಲೆ, ಅಂದರೆ ಬದುವಿನ ಮೇಲೆ ಕುಳಿತು, ಕೆಸರಿನಲ್ಲಿ ಕಾಲು ಹುಗಿದು ಎತ್ತಿ, ಹುಗಿದು ಎತ್ತಿ, ಪಚಕ್ ಎಂಬ ಸದ್ದನ್ನು ಹಿಡಿದೆ. ಪಕ್ಕದ ಗದ್ದೆಯ ಕಮಲಕ್ಕ ಸೊಂಟಕ್ಕೆ ಕೈಕೊಟ್ಟು ನಿಂತು, "ಎಂತ ವಾರಿಜ, ಕೆಸರಿನ ಹತ್ತಿರ ಮಾತಾಡುವುದಾ? ಆಫೀಸಿನಲ್ಲಿ ಯಾರೂ ಮಾತಿಗೆ ಸಿಗುವುದಿಲ್ವಾ?" ಎಂದು ಕೇಳಿದರು. ಆಟಕ್ಕೆ ನಾನು ನಿಜವಾದ ಗದ್ದೆಯಿಂದ ತಂದದ್ದು ಆ ಸದ್ದೊಂದನ್ನೇ. ಅದನ್ನು ಹಾಕಿದ ಮೇಲೆ ಜನ ಗಿಡ ಇಲ್ಲದ ಕಡೆಯೂ ಕೀಳಲು ನೋಡುತ್ತಿದ್ದರು.

ಆಮೇಲೆ ರೋಷನ್ ತನ್ನ ಬುದ್ಧಿ ಓಡಿಸಿದ. ಅವನು ಕಲ್ಯಾಣಪುರದವನು, ಮಾತಿನಲ್ಲಿ ಜೇನು, ಬೆಳಿಗ್ಗೆ ಎದ್ದರೆ ಹೊಸದೊಂದು ಉಪಾಯ. ಆಟಗಾರ ಹೊತ್ತಿಗೆ ಸರಿಯಾಗಿ ವಾಪಸು ಬರದಿದ್ದರೆ ಬೆಳೆ ಒಣಗಿಹೋಗಬೇಕು, ಆಗ ಹೆದರಿಕೆಯಿಂದಲೇ ಬಂದೇ ಬರುತ್ತಾನೆ ಎಂದ. ಸುಧಾಕರರಿಗೆ ಅದು ಬಹಳ ಹಿಡಿಸಿತು. ನಾನು ಆ ಆಟವನ್ನು ಉಡುಪಿ ಬಸ್ ನಿಲ್ದಾಣದ ಹತ್ತಿರದ ಒಂದು ಸೈಬರ್ ಕೆಫೆಯಲ್ಲಿ ಹಾಕಿಸಿದೆ. ಅಲ್ಲಿಗೆ ಒಬ್ಬ ವಕೀಲರು ಮೇಲ್ ನೋಡುವ ನೆಪದಲ್ಲಿ ಬಂದು ಆಟ ಆಡುತ್ತಿದ್ದರು. ಹಿಂದಿನ ದಿನ ಪ್ರೀತಿಯಿಂದ ಬಿತ್ತಿದ ಬೆಂಡೆ ಕರಟಿಹೋದದ್ದನ್ನು ನೋಡಿ, ಕರಿ ಕೋಟಿನ ಗುಂಡಿ ಬಿಚ್ಚುತ್ತಾ, "ಯಾಕೆ ಬರಲಿಲ್ಲ ಅಂತ ಕಕ್ಷಿದಾರರು ಕೇಳುವುದು ಸಾಲದಾ? ಇನ್ನು ಬೆಂಡೆಕಾಯಿಗೂ ಉತ್ತರ ಕೊಡಬೇಕಾ?" ಎಂದು ಎದ್ದು ಹೋದರು. ಹೆದರಿಸಿ ಕರೆಸಿದ ಆಟಗಾರ ಸಾಲಗಾರನ ಮುಖ ಹೊತ್ತುಕೊಂಡು ಬರುತ್ತಾನೆ. ಜಗಳವಾಡಿ ಆ ನಿಯಮವನ್ನು ತೆಗೆಸಿದೆ. ಬೆಳೆದದ್ದು ಎಷ್ಟು ದಿನವಾದರೂ ಯಜಮಾನನಿಗಾಗಿ ಕಾಯುತ್ತಾ ನಿಲ್ಲಲಿ ಎಂದೆ.

ಇಷ್ಟೆಲ್ಲ ಆದರೂ ಆಟಕ್ಕೆ ಜೀವ ಸಾಲದು. ಎಲ್ಲವೂ ಸರಿಯಾಗಿತ್ತು, ಎಲ್ಲವೂ ಮೊದಲೇ ಗೊತ್ತಿದ್ದ ಹಾಗೆ ನಡೆಯುತ್ತಿತ್ತು. ಗದ್ದೆಯ ಮೂಲೆಯಲ್ಲಿ ಒಂದು ಎಮ್ಮೆಯನ್ನು ನಿಲ್ಲಿಸಿದ್ದೆವು, ಅದು ಕಲ್ಲಿನ ಹಾಗೆ ನಿಂತೇ ಇರುತ್ತಿತ್ತು. ಆ ಹೊತ್ತಿಗೆ ಕೆಲಸಕ್ಕೆ ಸೇರಿದವನು ಬಸವರಾಜ. ಪ್ರೋಗ್ರಾಂ ಬರೆಯುವ ಹುಡುಗ, ಗದಗದವನು. ಮೊದಲ ದಿನ ಅವನ ಮಾತಿನ ಧಾಟಿ ಕೇಳಿ ನಮ್ಮ ಕಟ್ಟಡದ ಕಾವಲುಗಾರ, ಕಾಂಕ್ರೀಟು ಕೆಲಸದವರು ಹಿಂದಿನ ಗೇಟಿನಿಂದ ಹೋಗಬೇಕು ಎಂದು ತೋರಿಸಿದ್ದ. ಒಳಗೆ ಬಂದರೆ ಸುಧಾಕರರು ಇನ್ನೊಂದು ಬಗೆ. "ಉತ್ತರ ಕರ್ನಾಟಕದವ, ರೈತರ ಮಗ. ನಮ್ಮ ಆಟಕ್ಕೆ ಹೇಳಿ ಮಾಡಿಸಿದ ಜನ" ಎಂದು ಎಲ್ಲರಿಗೂ ಪರಿಚಯ ಮಾಡಿದರು.

"ಸರ್, ನಮ್ಮಪ್ಪ ಬಸ್ ಕಂಡಕ್ಟರ್ ಅದಾರ್ರಿ. ನಾ ಹೊಲ ನೋಡಿದ್ದು ಬಸ್ಸಿನ ಕಿಟಕ್ಯಾಗಿಂದ ಅಷ್ಟರಿ" ಎಂದ ಬಸವರಾಜ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನ ಹೆಂಡತಿ ಸುಜಾತಾ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮದುವೆಯಾಗಿ ಬಹಳ ದಿನ ಇವಳು ಇಲ್ಲಿ, ಅವನು ಅಲ್ಲಿ. ಕೊನೆಗೆ ನಮ್ಮಲ್ಲಿ ಕೆಲಸ ಸಿಕ್ಕಿ ಇಬ್ಬರೂ ಒಂದು ಸೂರಿನಡಿ ಬಂದಿದ್ದರು. ಆದರೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆಗದಿದ್ದರೆ ಅವನು ಗಂಟುಮೂಟೆ ಕಟ್ಟಿ ಗದಗಕ್ಕೆ ಹೋಗಬೇಕು, ಆಗಿನ ಮಣಿಪಾಲದಲ್ಲಿ ಈ ಕೆಲಸಕ್ಕೆ ನಮ್ಮದನ್ನು ಬಿಟ್ಟು ಬೇರೆ ಕಂಪನಿ ಇರಲಿಲ್ಲ. ಹಾಗಾಗಿ ಅವನು ಯಾರು ಏನು ಹೇಳಿದರೂ ಎರಡನೆಯ ಸಲ ಕೇಳದೆ ಮಾಡುತ್ತಿದ್ದ. ಅದೇ ತೊಂದರೆಗೆ ಬಂತು.

ನಮ್ಮ ಮೀಟಿಂಗುಗಳ ಭಾಷೆಯ ಬಗ್ಗೆ ಹೇಳಬೇಕು. ಸುಧಾಕರರು ಇಂಗ್ಲಿಷಿನಲ್ಲಿ ಸುರು ಮಾಡುತ್ತಿದ್ದರು, ಯಾಕೆಂದರೆ ಅದು ಮೀಟಿಂಗು. ಬೈಯುವಾಗ ಕನ್ನಡಕ್ಕೆ ಬರುತ್ತಿದ್ದರು. ನಿಜವಾಗಿ ಏನಾದರೂ ಹೊಳೆದಾಗ, ಇಲ್ಲವೇ ಖುಷಿ ಹೆಚ್ಚಾದಾಗ ಮಾತ್ರ ತುಳು. ಅಂದರೆ ತುಳು ಬಾರದವನಿಗೆ ಇಡೀ ಮೀಟಿಂಗಿನ ಕಸವೆಲ್ಲ ಅರ್ಥವಾಗಿ, ಬೇಕಾದ ಒಂದು ಮಾತು ಅರ್ಥವಾಗುತ್ತಿರಲಿಲ್ಲ. ಆ ದಿನವೂ ಹಾಗೆಯೇ ಆಯಿತು. ಆಟದ ಮಾದರಿಯನ್ನು ಗಿರಾಕಿಗೆ ಕಳಿಸುವ ವಾರ. ಪರದೆಯ ಮೇಲೆ ನಿಂತ ಎಮ್ಮೆಯನ್ನು ಬಹಳ ಹೊತ್ತು ನೋಡಿ ಸುಧಾಕರರು ಮೇಜು ತಟ್ಟಿ ಹೇಳಿದರು:

"ಎರ್ಮೆನ್ ಕಂಡೊಡು ಗೊಬ್ಬರೆ ಬುಡ್ಲೆ."

ನಾವೆಲ್ಲ ತಲೆಯಾಡಿಸಿದೆವು. ತುಳುವಿನಲ್ಲಿ ಗೊಬ್ಬು ಎಂದರೆ ಆಟ, ಗೊಬ್ಬರೆ ಎಂದರೆ ಆಡಲು. ಎಮ್ಮೆಯನ್ನು ಗದ್ದೆಯಲ್ಲಿ ಆಡಲು ಬಿಡಿ ಎಂದು ಅವರ ಅಪ್ಪಣೆ. ಅದು ಸ್ವಲ್ಪ ಓಡಾಡಲಿ, ಕುಣಿಯಲಿ, ಬಾಲ ಬೀಸಲಿ, ಪರದೆಗೆ ಕಳೆ ಬರಲಿ ಎಂಬ ಆಸೆ. ಬಸವರಾಜನೂ ತಲೆಯಾಡಿಸಿದ.

ವಾರದ ಕೊನೆಯಲ್ಲಿ ಮಾದರಿ ಸಿದ್ಧವಾಯಿತು. ಅದನ್ನು ತೆರೆದು ನೋಡಿ ಕಳಿಸುವುದು ರೋಷನ್‌ನ ಕೆಲಸ. ಅವನಿಗೆ ಕಲ್ಯಾಣಪುರದಲ್ಲಿ ಚಿಕ್ಕಪ್ಪನ ಮಗಳ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರ, ಮದುಮಗಳಿಗೆ ತೆಂಗಿನ ಹಾಲು ಹಚ್ಚಲು ಓಡುವ ಅವಸರ. ತೆರೆಯದೆಯೇ ಕಳಿಸಿ ಹೋದ. ಸೋಮವಾರ ಸುಧಾಕರರು ತಮ್ಮ ಕಂಪ್ಯೂಟರಿನಲ್ಲಿ ಆಟ ತೆರೆದರು. ಎಮ್ಮೆ ಮೂಲೆಯಿಂದ ಹೊರಟು ಗದ್ದೆಯ ನಡುವೆ ಗಾಂಭೀರ್ಯದಿಂದ ನಡೆದು ಬಂತು. ನಿಂತಿತು. ಬಾಲ ಎತ್ತಿತು.

"ಬಸವರಾಜ, ಎಂತದಿದು?"

"ಎಮ್ಮಿ ರೀ ಸರ್."

"ಎಮ್ಮೆ ಕಾಣ್ತದೆ ಮಾರಾಯ. ಅದರ ಹಿಂದೆ ಎಂತ ಉಂಟು?"

"ಗೊಬ್ಬರ ರೀ. ನೀವ ಹೇಳಿದ್ರಲ್ರಿ, ಎರ್ಮೆನ್ ಕಂಡೊಡು ಗೊಬ್ಬರೆ ಬುಡ್ಲೆ ಅಂತ. ಕಂಡ ಅಂದ್ರ ಗದ್ದಿ ಅಂತ ನಂಗ ಗೊತ್ತಿತ್ರಿ. ಎಮ್ಮಿ ಗದ್ದ್ಯಾಗ ಗೊಬ್ಬರ ಬಿಡ್ಲಿ ಅಂದ್ರಿ. ಬಿಡಿಸೀನ್ರಿ."

ನಾನು ನಕ್ಕೆ. ತಡೆದುಕೊಳ್ಳಲಾಗಲಿಲ್ಲ. ಸುಧಾಕರರ ಮುಖ ಕೆಂಪಗಾಯಿತು. "ಇದು ಅವರಿಗೆ ಹೋಗಿ ಆಯ್ತಾ? ಹೊರದೇಶದವರಿಗೆ ನಾವು ಸಗಣಿ ಕಳಿಸಿದ್ದಾ?" ಎಂದು ಕೂಗಿದರು. ಕಳಿಸಿದ ರೋಷನ್ ಕಿಟಕಿಯ ಹೊರಗೆ ಆಕಾಶ ನೋಡುತ್ತಿದ್ದ. "ನಿನ್ನಿಂದ ಆಗುವುದಿಲ್ಲ. ನಾಳೆಯಿಂದ ನೀನು ಬರುವುದು ಬೇಡ" ಎಂದು ಬಸವರಾಜನಿಗೆ ಹೇಳಿದರು. ಅವನು ಮೇಜಿನ ಮೇಲಿದ್ದ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ. ಅದರ ಮುಚ್ಚಳವನ್ನು ಮೇಜಿನ ಮೇಲೆಯೇ ಮರೆತ, ಅದನ್ನು ಎತ್ತಿ ಕೊಡುವಾಗ ನನ್ನ ನಗು ನಿಂತಿತು.

"ಸುಧಾಕರರೇ, ನಿಮ್ಮ ತುಳು ಅವನಿಗೆ ಅರ್ಥ ಆಗದಿದ್ದರೆ ಅದು ಅವನ ತಪ್ಪಾ?" ಎಂದು ಕೇಳಿದೆ.

"ಊರಿಗೆ ಬಂದ ಮೇಲೆ ಭಾಷೆ ಕಲೀಬೇಕಲ್ಲ ವಾರಿಜಕ್ಕ? ನಾನು ದುಬೈಗೆ ಹೋಗಿ ಅರಬಿ ಕಲಿತಿಲ್ವಾ?"

ಅಷ್ಟು ವರ್ಷ ದುಬೈಯಲ್ಲಿದ್ದು ಅವರು ಕಲಿತ ಅರಬಿ ಟ್ಯಾಕ್ಸಿಯವನಿಗೆ ನಿಲ್ಲಿಸು ಎನ್ನುವಷ್ಟು. ಆ ಮಾತು ಬಾಯಿಯ ತನಕ ಬಂದಿತ್ತು, ಬಿಟ್ಟೆ. ಬಸವರಾಜನ ಕೆಲಸ ಉಳಿಸಬೇಕಾದರೆ ಸುಧಾಕರರ ಮಾನ ಉಳಿಸಬೇಕಿತ್ತು.

ಬಸವರಾಜ ಹೋದ ಮೇಲೆ ಆ ಆಟವನ್ನು ನಾನು ಕೂತು ಆಡಿದೆ. ಹುಡುಗ ಬರೀ ಸಗಣಿ ಹಾಕಿಸಿ ಕೈಬಿಟ್ಟಿರಲಿಲ್ಲ. ಎಮ್ಮೆ ಎಲ್ಲಿ ಹಾಕುತ್ತದೆಂದು ಮೊದಲೇ ಹೇಳಲು ಬರುತ್ತಿರಲಿಲ್ಲ. ಸಗಣಿ ಬಿದ್ದ ಜಾಗದಲ್ಲಿ ಅದನ್ನು ಎತ್ತುವ ತನಕ ಬಿತ್ತುವಂತಿಲ್ಲ. ಎತ್ತಿದರೆ ಗದ್ದೆಯ ಮೂಲೆಯಲ್ಲಿ ರಾಶಿಯಾಗುತ್ತದೆ, ರಾಶಿ ನಿಧಾನವಾಗಿ ಕಪ್ಪಾಗುತ್ತದೆ, ಕಪ್ಪಾದದ್ದನ್ನು ಹರಡಿದರೆ ಮುಂದಿನ ಬೆಳೆ ದಪ್ಪ ಬರುತ್ತದೆ. ಸಂಜೆ ಫೋನ್ ಮಾಡಿ, ಇದೆಲ್ಲ ಎಲ್ಲಿಂದ ಕಲಿತೆ ಎಂದು ಅವನನ್ನೇ ಕೇಳಿದೆ. "ಬಿದ್ದಮ್ಯಾಲೆ ಅದರದೇನರ ಮಾಡಬೇಕಲ್ರೀ ಅಕ್ಕಾರ. ನಮ್ಮನ್ಯಾಗ ದೋಸಿ ಹಿಟ್ಟು ಹುಳಿ ಬರೂತನಾ ಇಡ್ತಾರಲ್ರಿ, ಹಂಗ ಸ್ವಲ್ಪ ಹೊತ್ತು ಇಟ್ಟೀನ್ರಿ" ಎಂದ. ಇದು ರೋಷನ್ ಹೇಳುವ ಆಳವಾದ ಅಧ್ಯಯನ. ದೋಸೆ ಹಿಟ್ಟಿನದ್ದು.

ಮರುದಿನ ಅದನ್ನು ಸೈಬರ್ ಕೆಫೆಗೆ ಒಯ್ದೆ. ವಕೀಲರನ್ನು ಕಾಡಿ ಬೇಡಿ ಕೂರಿಸಿ, ಅವರ ಬೆನ್ನ ಹಿಂದೆ ನಿಂತೆ. ಮೊದಲ ಸಗಣಿ ಬಿದ್ದಾಗ ಅವರು "ಛೀ" ಎಂದರು. ಸಾಲಾಗಿ ನೆಟ್ಟ ಹರಿವೆಯ ನಡುವೆ ಅದು ಕಣ್ಣಿಗೆ ಚುಚ್ಚುತ್ತಿತ್ತು, ಎತ್ತಿ ಮೂಲೆಗೆ ಹಾಕಿದರು. ಎರಡನೆಯದನ್ನು ತಾವೇ ಹುಡುಕಿ ಎತ್ತಿದರು. ರಾಶಿ ಕಪ್ಪಾಗಿ, ಹರಡಿ, ಬೆಂಡೆ ದಪ್ಪಗೆ ಬಂದದ್ದೇ ತಡ, ಅವರು ಕೃಷಿ ಬಿಟ್ಟು ಎಮ್ಮೆಯ ಹಿಂದೆ ಬಿದ್ದರು. ಅದು ನಿಂತರೆ ಇವರು ಉಸಿರು ಹಿಡಿಯುವುದು, ಅದು ಸುಮ್ಮನೆ ಮುಂದೆ ಹೋದರೆ "ಹಾಕು ಮಾರಾಯ್ತಿ, ಹಾಕು" ಎಂದು ಬೇಡಿಕೊಳ್ಳುವುದು. ಕೋರ್ಟಿಗೆ ಹೊತ್ತಾಯಿತೆಂದು ಗುಮಾಸ್ತ ಬಂದು ಕರೆದ. "ಒಂದು ನಿಮಿಷ ನಿಲ್ಲಯ್ಯ, ಎಮ್ಮೆ ಈಗ ನಿಂತಿದೆ" ಎಂದರು.

ಓದುವ ಮಕ್ಕಳೇ, ಆ ದಿನ ನಾನು ಕಂಡದ್ದನ್ನು ಯಾವ ಪಾಠದಲ್ಲೂ ಕಂಡಿಲ್ಲ. ನಾವು ಕೊಟ್ಟ ಬಹುಮಾನಗಳೆಲ್ಲ ಮೊದಲೇ ಗೊತ್ತಿದ್ದ ಹೊತ್ತಿಗೆ, ಗೊತ್ತಿದ್ದ ಜಾಗದಲ್ಲಿ ಬರುತ್ತಿದ್ದವು. ಇದು ತನ್ನ ಇಷ್ಟ ಬಂದಾಗ ಬರುತ್ತಿತ್ತು, ಅದೂ ಹೊಲಸಿನ ರೂಪದಲ್ಲಿ. ಅದನ್ನು ಬಾಚಿ ಶುಚಿ ಮಾಡಿದ ತೃಪ್ತಿ ಒಂದು, ಹೊಲಸನ್ನು ಬೆಳೆ ಮಾಡಿದ ಹೆಮ್ಮೆ ಇನ್ನೊಂದು, ಎರಡಕ್ಕೂ ಒಂದೇ ಬೆರಳು. ಹಂದಿ ಬಂದಾಗ ಆಟಗಾರನ ಕೈಯಲ್ಲಿ ಮಾಡಲು ಏನೂ ಇರಲಿಲ್ಲ. ಸಗಣಿ ಬಿದ್ದಾಗ ಇತ್ತು. ನನಗೆ ಆ ಹುಡುಗನ ಮೇಲೆ ಹೊಟ್ಟೆಕಿಚ್ಚಾಯಿತು ಎಂದು ನೇರವಾಗಿಯೇ ಹೇಳುತ್ತೇನೆ. ಅಷ್ಟು ವರ್ಷ ತಲೆ ಕೆಡಿಸಿಕೊಂಡ ನನಗೆ ಹೊಳೆಯದ್ದು ಅವನಿಗೆ ಕಿವಿ ತಪ್ಪಿ ಸಿಕ್ಕಿತ್ತು.

ಕಚೇರಿಗೆ ಓಡಿಬಂದು ಸುಧಾಕರರಿಗೆ ಹೇಳಿದೆ. "ಸಗಣಿ ಎತ್ತಿ ಖುಷಿ ಪಡಲಿಕ್ಕೆ ಅವರಿಗೆಂತ ಮರುಳಾ?" ಎಂದು ನನ್ನನ್ನೇ ಗದರಿಸಿದರು. ಗಿರಾಕಿಗೆ ಕ್ಷಮಾಪಣೆಯ ಪತ್ರ ಬರೆಯಲು ರೋಷನ್‌ನನ್ನು ಕೂರಿಸಿದ್ದರು. ಅವನು ಅದರಲ್ಲಿ ತನ್ನ ಹೆಸರು ಬಿಟ್ಟು ಉಳಿದವರೆಲ್ಲರ ತಪ್ಪನ್ನು ಬರೆದಿದ್ದ. ಅತ್ತ ಬಸವರಾಜ ಆ ವಾರವೇ ಊರಿಗೆ ಹೊರಡುವುದೆಂದು ನಿಶ್ಚಯವಾಗಿತ್ತು.

ಅವನು ಹೊರಡುವ ದಿನ ಮಧ್ಯಾಹ್ನ, ಕ್ಷಮಾಪಣೆ ಹೋಗುವ ಮೊದಲೇ ಗಿರಾಕಿಯ ಉತ್ತರ ಬಂತು. ಹರಿವೆ, ಭತ್ತ, ಹೆಣೆದ ಅವಧಿ, ಇವುಗಳ ಬಗ್ಗೆ ಒಂದು ಅಕ್ಷರ ಇರಲಿಲ್ಲ. ತಮ್ಮ ಕಚೇರಿಯಲ್ಲಿ ಎಲ್ಲರೂ ಕೆಲಸ ಬಿಟ್ಟು ಎಮ್ಮೆಯ ಹಿಂದೆ ತಿರುಗುತ್ತಿದ್ದಾರೆ, ಕೋಳಿಗೂ ಆಡಿಗೂ ಇದೇ ಏರ್ಪಾಡು ಮಾಡಿಕೊಡಬಹುದೇ ಎಂದು ಕೇಳಿದ್ದರು. ಸುಧಾಕರರು ಎರಡು ಸಲ ಓದಿಸಿ ಕೇಳಿದರು. ರೋಷನ್ ಕ್ಷಮಾಪಣೆಯನ್ನು ಅಳಿಸಿ ಅದೇ ಜಾಗದಲ್ಲಿ, ಇದು ನಮ್ಮ ಬಹುದಿನದ ಸಂಶೋಧನೆಯ ಫಲ ಎಂದು ಬರೆದ. ಆಳವಾದ ಅಧ್ಯಯನ ಹುಟ್ಟಿದ್ದು ಆ ಗಳಿಗೆಯಲ್ಲಿ. ಅದಕ್ಕೆ ನಾನೇ ಸಾಕ್ಷಿ.

"ವಾರಿಜಕ್ಕ, ಬಸವರಾಜ ಎಲ್ಲುಂಟು? ಅವನು ಬರೆದದ್ದು ಬೇರೆ ಯಾರಿಗೂ ತಲೆಬುಡ ಗೊತ್ತಾಗುವುದಿಲ್ಲವಂತೆ" ಎಂದರು ಸುಧಾಕರರು, ಅವನು ಚಹಾ ಕುಡಿಯಲು ಹೋಗಿದ್ದಾನೆ ಎಂಬ ಧಾಟಿಯಲ್ಲಿ.

ರಿಕ್ಷಾ ಹಿಡಿದು ಉಡುಪಿ ಬಸ್ ನಿಲ್ದಾಣಕ್ಕೆ ಹೋದೆ. ಸಂಜೆಯ ಬಸ್ಸು ನಿಂತಿತ್ತು, ಬಸವರಾಜ ಚೀಲ ಮೇಲೆ ಇಟ್ಟು ಕಿಟಕಿಯ ಪಕ್ಕ ಕುಳಿತಿದ್ದ. ಕೆಳಗೆ ಸುಜಾತಾ ಡ್ಯೂಟಿಯ ಬಿಳಿ ಸೀರೆಯಲ್ಲೇ ಬಂದು, ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅತ್ತು ಮುಗಿಸಿದ ಮುಖ. ನಾನು ಗಿರಾಕಿಯ ಉತ್ತರ ಬಂದದ್ದನ್ನು ಹೇಳಿದೆ, ಸುಧಾಕರರು ಕರೆಯುತ್ತಿದ್ದಾರೆ ಎಂದೆ. ಬಸವರಾಜ ಹೆಂಡತಿಯ ಮುಖ ನೋಡಿದ.

ಸುಜಾತಾ ನನ್ನ ಕಡೆ ತಿರುಗಿ ಕೇಳಿದಳು: "ನಿಮ್ಮ ಆಫೀಸಿನ್ಯಾಗ ಯಾರಿಗೂ ಕನ್ನಡ ಬರೂದಿಲ್ಲೇನ್ರೀ ಅಕ್ಕಾರ? ನಮ್ಮ ವಾರ್ಡಿನ್ಯಾಗ ಜ್ವರ ಬಂದು ಮಲಗಿದ ಮುದುಕಿ ಸುದ್ದಾ, ನಂಗ ತುಳು ಬರೂದಿಲ್ಲ ಅಂತ ಕನ್ನಡದಾಗ ನೀರು ಕೇಳ್ತಾಳ. ನಿಮ್ಮ ಸಾಹೇಬ್ರಿಗೆ ಅಷ್ಟೂ ಆಗೂದಿಲ್ಲೇನ್ರಿ?"

ಆ ಮೀಟಿಂಗಿನಲ್ಲಿ ನಾನೂ ತಲೆಯಾಡಿಸಿದವಳೇ. ಮೊಬೈಲ್ ತೆಗೆದು ಸುಧಾಕರರಿಗೆ ಹಚ್ಚಿ, "ನೀವೇ ಮಾತಾಡಿ, ಕರೆದರೆ ಬರುತ್ತಾನೋ ಏನೋ" ಎಂದು ಕಿಟಕಿಯಿಂದ ಬಸವರಾಜನಿಗೆ ಕೊಟ್ಟೆ. ಕಂಡಕ್ಟರ್ ಶಿಳ್ಳೆ ಬಾಯಿಗಿಟ್ಟಿದ್ದ. ಅತ್ತ ಸುಧಾಕರರಿಗೆ ಖುಷಿ ಹೆಚ್ಚಾಗಿತ್ತು, ಖುಷಿ ಹೆಚ್ಚಾದರೆ ಅವರ ಭಾಷೆ ಯಾವುದೆಂದು ಹೇಳಿದ್ದೇನಲ್ಲ. ಬಾ ಬಾ ಎಂದು ತುಳುವಿನಲ್ಲಿ ಕರೆಯುವ ಅವರ ಗಂಟಲು ನನಗೂ ಕೇಳಿಸುತ್ತಿತ್ತು: "ಬಲ ಮಾರಾಯ, ಬಲ! ಗೊಬ್ಬರೆ ಬುಡ್ಲೆ, ಪೂರಾ ಗೊಬ್ಬರೆ ಬುಡ್ಲೆ!"

ಬಸವರಾಜ ಫೋನಿಗೆ ಅಂಗೈ ಮುಚ್ಚಿ, ಕಿಟಕಿಯಿಂದ ಬಗ್ಗಿ ಬಹಳ ಗಂಭೀರವಾಗಿ ಕೇಳಿದ:

"ಅಕ್ಕಾರ, ಈ ಸಲ ಆಟಾನೋ, ಸಗಣೀನೋ?"

ಮೊದಲು ನಕ್ಕವಳು ಸುಜಾತಾ. ಸರಳು ಹಿಡಿದುಕೊಂಡೇ ನಕ್ಕಳು, ನಗುತ್ತಾ ಮತ್ತೆ ಅತ್ತಳು. ಆಮೇಲೆ ಕೈ ನೀಡಿ, "ಚೀಲ ಕೊಡ್ರಿ ಇಲ್ಲಿ" ಎಂದಳು. ಚೀಲ ಕಿಟಕಿಯಿಂದ ಬಂತು, ಗಂಡ ಬಾಗಿಲಿನಿಂದ ಬಂದ.

ಕೆಲಸ ಕಾಯಂ ಆಯಿತು. ಆಟ ನಡೆಯಿತು, ಕೋಳಿಗೂ ಆಡಿಗೂ ಏರ್ಪಾಡು ಆಯಿತು. ಮೀಟಿಂಗಿನ ಭಾಷೆ ಮಾತ್ರ ಬದಲಾಗಲಿಲ್ಲ, ಬದಲಾದದ್ದು ಬಸವರಾಜ. ಮತ್ತೊಮ್ಮೆ ಬಸ್ಸು ಹತ್ತುವ ಧೈರ್ಯ ಅವನಿಗಿರಲಿಲ್ಲ. ಮೀನಿನ ಅಂಗಡಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಬಸ್ಸಿನಲ್ಲಿ ಸಿಕ್ಕಸಿಕ್ಕವರ ಹತ್ತಿರ ಮಾತಾಡಿ ತುಳು ಕಲಿತ. ಎಷ್ಟು ಚೆನ್ನಾಗಿ ಕಲಿತನೆಂದರೆ ಈಗ ಅವನ ಮಗಳು ನನ್ನನ್ನು ಕಂಡರೆ ತುಳುವಿನಲ್ಲೇ ಕ್ಷೇಮ ಕೇಳುತ್ತಾಳೆ. ಸುಧಾಕರರು ಹೇಳಿದ್ದೆಲ್ಲ ಅವನಿಗೆ ಅಕ್ಷರ ಅಕ್ಷರ ಅರ್ಥವಾಗತೊಡಗಿತು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿಕೊಟ್ಟ. ನಾನು ನಿವೃತ್ತಳಾಗುವ ತನಕ ನಮ್ಮ ಕಂಪನಿ ಇನ್ನೂ ಎಷ್ಟೋ ಆಟಗಳನ್ನು ಮಾಡಿತು. ಅವುಗಳಲ್ಲಿ ಒಂದರ ಹೆಸರೂ ಯಾರಿಗೂ ನೆನಪಿಲ್ಲ.